ಗುಣವಾಗದ ಗ್ಯಾಸ್ಟ್ರಿಕ್: ಹೊಟ್ಟೆಗೂ ಖಿನ್ನತೆಗೂ ಇರುವ ನಂಟು

ತಿಪಟೂರಿನ ನನ್ನ ಚಿಕ್ಕಮ್ಮನ ಮನೆಯಲ್ಲಿ, ದೇವರ ಗೂಡಿನ ಪಕ್ಕ, ಒಂದು ಸ್ಟೀಲ್ ಡಬ್ಬಿ ಇದೆ. ಮೊದಲು ಅದರಲ್ಲಿ ಎಲೆ ಅಡಿಕೆ ಇರುತ್ತಿತ್ತು. ಚಿಕ್ಕಪ್ಪ ತೀರಿಕೊಂಡು ಆರು ತಿಂಗಳಾದ ಮೇಲೆ ಅದರೊಳಗೆ ಮಾತ್ರೆಗಳು ಬಂದು ಕೂತವು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್. ಊಟ ಆದಮೇಲೆ ಗುಲಾಬಿ ಬಣ್ಣದ ಸಿರಪ್ಪು, ಎರಡು ಮುಚ್ಚಳ. ರಾತ್ರಿ ಮಲಬದ್ಧತೆಗೆ ಒಂದು ಪುಡಿ. ಇದರ ಜೊತೆಗೆ ಓಂಕಾಳು, ಜೀರಿಗೆ ಕಷಾಯ ಇದ್ದೇ ಇತ್ತು. ಯಾವಾಗ ಫೋನ್ ಮಾಡಿದರೂ ಒಂದೇ ಮಾತು: "ಗ್ಯಾಸ್ಟ್ರಿಕ್ ಕಣೇ. ಬಿಡ್ತಾನೇ ಇಲ್ಲ."

ಎರಡು ವರ್ಷ ಹೀಗೇ ಹೋಯಿತು. ಬಾಯಿಗೆ ಪೈಪ್ ಬಿಟ್ಟು ಎಂಡೋಸ್ಕೋಪಿ ಮಾಡಿದರು. ಹೊಟ್ಟೆಯ ಸ್ಕ್ಯಾನ್ ಆಯಿತು. ರಕ್ತ ಪರೀಕ್ಷೆ ಆಯಿತು. ಎಲ್ಲ ನಾರ್ಮಲ್. "ಏನೂ ಇಲ್ಲಮ್ಮ, ಸುಮ್ನೆ ಟೆನ್ಶನ್ ಮಾಡ್ಕೋಬೇಡಿ" ಅಂತ ಹೇಳಿ ಕಳಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಚಿಕ್ಕಮ್ಮ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತರು. "ನಾನೇನು ಸುಳ್ಳು ಹೇಳ್ತಿದೀನಾ?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ಈಗ ಗೊತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ರಿಪೋರ್ಟೂ ಸುಳ್ಳಾಗಿರಲಿಲ್ಲ. ಎರಡೂ ಒಟ್ಟಿಗೆ ನಿಜ ಆಗಬಹುದು. ಅದು ಹೇಗೆ ಅಂತ ತಿಳಿಯಬೇಕಾದರೆ ಹೊಟ್ಟೆಯೊಳಗೆ ಇರುವ ನರಗಳ ವಿಚಾರದಿಂದ ಶುರು ಮಾಡಬೇಕು.

ಹೊಟ್ಟೆಗೂ ಒಂದು ನರಜಾಲ

ಅನ್ನನಾಳದಿಂದ ಗುದದ್ವಾರದವರೆಗೆ ನಮ್ಮ ಜೀರ್ಣಾಂಗದ ಗೋಡೆಯೊಳಗೆ ನರಕೋಶಗಳ ಒಂದು ಬಲೆ ಹರಡಿಕೊಂಡಿದೆ. ಅದರಲ್ಲಿ ಕಡಿಮೆ ಅಂದರೂ ಹತ್ತು ಕೋಟಿ ನರಕೋಶಗಳಿವೆ. ಈ ಬಲೆ ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲ. 1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ವಿಜ್ಞಾನಿಗಳು ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿ ನೋಡಿದರು. ಆಗಲೂ ಕರುಳು ತನ್ನೊಳಗಿನದನ್ನು ಮುಂದೆ ಮುಂದೆ ತಳ್ಳುತ್ತಲೇ ಇತ್ತು. ಅಮೆರಿಕದ ಮೈಕೆಲ್ ಗರ್ಶನ್ ಎಂಬ ವಿಜ್ಞಾನಿ ಈ ನರಜಾಲವನ್ನು 'ಎರಡನೇ ಮಿದುಳು' ಅಂತ ಕರೆದರು. ಆ ಹೆಸರೇ ನಿಂತುಬಿಟ್ಟಿತು.

ಹಾಗಂತ ಮೇಲಿನ ಮಿದುಳಿಗೂ ಇದಕ್ಕೂ ಮಾತುಕತೆ ಇಲ್ಲ ಅಂತ ಅಲ್ಲ. ಕುತ್ತಿಗೆಯ ಎರಡೂ ಬದಿಯಿಂದ ಇಳಿದು ಎದೆ ದಾಟಿ ಹೊಟ್ಟೆಗೆ ಹೋಗುವ ವೇಗಸ್ ಎಂಬ ನರ ಇದೆ. ಇದು ಮಿದುಳಿನ ಆದೇಶವನ್ನು ಹೊಟ್ಟೆಗೆ ತಲುಪಿಸುವ ತಂತಿ ಅಂತ ನಾನು ಅಂದುಕೊಂಡಿದ್ದೆ. ನಿಜ ನೋಡಿದರೆ ಉಲ್ಟಾ. ಆ ನರದ ಎಳೆಗಳಲ್ಲಿ ಸುಮಾರು ಶೇ 80ರಷ್ಟು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುತ್ತವೆ. ಅಂದರೆ ಹೊಟ್ಟೆ ದಿನವಿಡೀ ಮಿದುಳಿಗೆ ವರದಿ ಒಪ್ಪಿಸುತ್ತಲೇ ಇರುತ್ತದೆ. ಅದರಲ್ಲಿ ಬಹುಪಾಲು ನಮ್ಮ ಅರಿವಿಗೇ ಬರುವುದಿಲ್ಲ.

ಇನ್ನು ಸೆರೊಟೋನಿನ್ ಎಂಬ, ನರಗಳ ನಡುವೆ ಸುದ್ದಿ ಮುಟ್ಟಿಸುವ ರಾಸಾಯನಿಕ. ಖಿನ್ನತೆಯ ಬಗ್ಗೆ ಏನಾದರೂ ಓದಿದವರಿಗೆಲ್ಲ ಈ ಹೆಸರು ಗೊತ್ತಿರುತ್ತದೆ. ನಮ್ಮ ದೇಹದ ಸೆರೊಟೋನಿನ್‌ನಲ್ಲಿ ಶೇ 90ಕ್ಕೂ ಜಾಸ್ತಿ ತಯಾರಾಗುವುದು ಕರುಳಿನಲ್ಲಿ. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. "ಕರುಳು ಸರಿ ಇದ್ದರೆ ಸೆರೊಟೋನಿನ್ ಮೇಲಕ್ಕೆ ಹೋಗಿ ಮನಸ್ಸು ಖುಷಿಯಾಗುತ್ತೆ" ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಮಾತು ತಪ್ಪು. ಕರುಳಿನ ಸೆರೊಟೋನಿನ್ ರಕ್ತದಿಂದ ಮಿದುಳಿನೊಳಗೆ ದಾಟುವುದಿಲ್ಲ. ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಕರುಳಿನ ಸೆರೊಟೋನಿನ್‌ನ ಕೆಲಸವೇ ಬೇರೆ: ಕರುಳನ್ನು ಚಲಿಸುವುದು, ರಸ ಒಸರಿಸುವುದು, ನೋವು ಮತ್ತು ವಾಕರಿಕೆಯ ಸುದ್ದಿಯನ್ನು ನರಕ್ಕೆ ಮುಟ್ಟಿಸುವುದು. ಒಂದೇ ರಾಸಾಯನಿಕ ಎರಡೂ ಮನೆಯಲ್ಲಿ ದುಡಿಯುತ್ತದೆ. ಖಿನ್ನತೆಯ ಮಾತ್ರೆ ಹೊಟ್ಟೆಯಲ್ಲೂ ಏಕೆ ಪರಿಣಾಮ ಮಾಡುತ್ತದೆ ಅನ್ನುವುದಕ್ಕೆ ಕಾರಣ ಇದೇ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮನಸ್ಸು ಕುಸಿದಾಗ ಹೊಟ್ಟೆಯಲ್ಲಿ ಏನಾಗುತ್ತದೆ

1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಗುಂಡು ತಗುಲಿತು. ಆತ ಬದುಕುಳಿದ, ಆದರೆ ಜಠರಕ್ಕೆ ಆದ ತೂತು ಮುಚ್ಚಲೇ ಇಲ್ಲ. ವೈದ್ಯ ವಿಲಿಯಂ ಬ್ಯೂಮಾಂಟ್ ಆ ತೂತಿನ ಮೂಲಕ ವರ್ಷಗಟ್ಟಲೆ ಜಠರದೊಳಗೆ ಇಣುಕಿ ನೋಡಿದರು. ಸಿಟ್ಟು ಬಂದಾಗ, ಭಯ ಆದಾಗ ಜಠರದ ಒಳಪದರದ ರೂಪ, ರಸ ಒಸರುವ ರೀತಿ ಬದಲಾಗುವುದನ್ನು ಕಣ್ಣಾರೆ ಕಂಡು ಬರೆದಿಟ್ಟರು. ಆ ಬಡ ಯುವಕನ ಮೇಲೆ ಅಷ್ಟೊಂದು ಪ್ರಯೋಗ ಮಾಡಿದ್ದು ಸರಿಯೇ ಅಂತ ಇವತ್ತು ಕೇಳಲೇಬೇಕು. ಆದರೆ ಅವರು ಕಂಡದ್ದು ಸುಳ್ಳಲ್ಲ.

ಈಗ ಇನ್ನೂ ಸ್ಪಷ್ಟವಾಗಿ ಗೊತ್ತಿದೆ. ಒತ್ತಡ ಬಂದಾಗ ಮಿದುಳಿನಿಂದ ಕಾರ್ಟಿಸಾಲ್ ಹಾರ್ಮೋನಿನವರೆಗೆ ಒಂದು ಸರಪಳಿ ಎಚ್ಚರಗೊಳ್ಳುತ್ತದೆ. ಆ ಸರಪಳಿಯ ಮೊದಲ ಕೊಂಡಿಯಾದ ರಾಸಾಯನಿಕ ಹೊಟ್ಟೆಯ ಮೇಲೆ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ದೊಡ್ಡ ಕರುಳನ್ನು ಜೋರಾಗಿ ಓಡಿಸುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ಇಡ್ಲಿ ಗಂಟಲಲ್ಲಿ ಇಳಿಯುವುದಿಲ್ಲ, ಆದರೆ ಮೂರು ಸಲ ಟಾಯ್ಲೆಟ್‌ಗೆ ಓಡಬೇಕಾಗುತ್ತದೆ, ಅಲ್ವಾ? ಅದು ಇದೇ.

ಒಂದು ದಿನದ ಪರೀಕ್ಷೆ ಮುಗಿದರೆ ಹೊಟ್ಟೆಯೂ ಸುಮ್ಮನಾಗುತ್ತದೆ. ಖಿನ್ನತೆ ಹಾಗಲ್ಲ. ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಇರುತ್ತದೆ. ಹಸಿವು ಸತ್ತುಹೋಗುತ್ತದೆ. ಬಾಯಿ ರುಚಿ ಹೋಗುತ್ತದೆ. ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುತ್ತದೆ. ಓಡಾಟ ಕಡಿಮೆ, ನೀರು ಕಡಿಮೆ, ಊಟ ಕಡಿಮೆ. ಆಗ ಮಲಬದ್ಧತೆ ಬರದೆ ಇರುತ್ತದೆಯೇ? ಕೆಲವರಲ್ಲಿ ಇದು ತಿರುವುಮುರುವು. ಸಂಕಟ ಆದಾಗಲೆಲ್ಲ ಏನಾದರೂ ತಿನ್ನುತ್ತಲೇ ಇರಬೇಕು ಅನಿಸುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ನೋವಿನ ವಾಲ್ಯೂಮ್ ಜಾಸ್ತಿಯಾಗುವುದು. ಇದನ್ನು ತೋರಿಸಿದ ಬ್ರಿಟನ್ನಿನ ಒಂದು ಅಧ್ಯಯನ 1973ರಲ್ಲಿ ಪ್ರಕಟವಾಯಿತು. ಕರುಳಿನ ಕೆಳತುದಿಯಲ್ಲಿ ಪುಟ್ಟ ಬಲೂನ್ ಇಟ್ಟು ಗಾಳಿ ತುಂಬಿದರು. 60 ಮಿಲಿಲೀಟರ್‌ಗೆ ಬಂದಾಗ ಆರೋಗ್ಯವಾಗಿದ್ದವರಲ್ಲಿ ನೂರಕ್ಕೆ ಆರು ಜನರಿಗೆ ಮಾತ್ರ ನೋವಾಯಿತು. ಐಬಿಎಸ್ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ನೋವಾಯಿತು. ಬಲೂನ್ ಅದೇ, ಗಾಳಿಯೂ ಅಷ್ಟೇ. ಕೇಳಿಸಿಕೊಳ್ಳುವ ನರಗಳು ಮಾತ್ರ ಬೇರೆ.

ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಅಂದರೆ ಏನು ಅಂತ ಇಲ್ಲೇ ಹೇಳಿಬಿಡುತ್ತೇನೆ. ಹೊಟ್ಟೆ ನೋವು ಮತ್ತೆ ಮತ್ತೆ ಬರುವುದು, ಅದರ ಜೊತೆಗೆ ಮಲ ಗಟ್ಟಿಯಾಗುವುದು ಅಥವಾ ಭೇದಿಯಾಗುವುದು, ಉಬ್ಬರ. ಆದರೆ ಎಂಡೋಸ್ಕೋಪಿಯಲ್ಲಿ ಹುಣ್ಣು, ಗಡ್ಡೆ ಏನೂ ಕಾಣುವುದಿಲ್ಲ. ಮೇಲಿನ ಹೊಟ್ಟೆಯಲ್ಲಿ ಇದೇ ಥರದ ತೊಂದರೆ ಇದ್ದರೆ ಅದಕ್ಕೆ ಫಂಕ್ಷನಲ್ ಡಿಸ್ಪೆಪ್ಸಿಯಾ ಅನ್ನುತ್ತಾರೆ. ನಮ್ಮಲ್ಲಿ ಎರಡಕ್ಕೂ ಹೆಸರು 'ಗ್ಯಾಸ್ಟ್ರಿಕ್'. 2016ರಲ್ಲಿ ಜಗತ್ತಿನ ತಜ್ಞರು ಸೇರಿ ಈ ಕಾಯಿಲೆಗಳ ಗುಂಪಿಗೆ ಹೊಸ ಹೆಸರಿಟ್ಟರು: ಕರುಳು ಮತ್ತು ಮಿದುಳಿನ ಒಡನಾಟದ ತೊಂದರೆಗಳು. ಆ ಹೆಸರು ನನಗೆ ತುಂಬಾ ಇಷ್ಟ. 'ಏನೂ ಇಲ್ಲ' ಅನ್ನುವ ಮಾತಿಗೆ ಅದರಲ್ಲಿ ಜಾಗ ಇಲ್ಲ. ಎಂಡೋಸ್ಕೋಪಿಗೆ ಗೋಡೆ ಕಾಣುತ್ತದೆ, ತಂತಿಯೊಳಗೆ ಹರಿಯುವ ಕರೆಂಟ್ ಕಾಣುವುದಿಲ್ಲ. ಗೋಡೆ ಸರಿ ಇದೆ ಅಂದಮಾತ್ರಕ್ಕೆ ವೈರಿಂಗ್ ಸರಿ ಇದೆ ಅಂತ ಯಾವ ಎಲೆಕ್ಟ್ರಿಷಿಯನ್ನೂ ಹೇಳುವುದಿಲ್ಲ.

ಹೊಟ್ಟೆಯಿಂದ ಮನಸ್ಸಿಗೂ ದಾರಿ ಇದೆ

ಹಾಗಾದರೆ ಎಲ್ಲ ಮನಸ್ಸಿನಿಂದಲೇ ಶುರುವಾಗುತ್ತದಾ? ಇಲ್ಲ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯ ಜನರನ್ನು 12 ವರ್ಷದ ಅಂತರದಲ್ಲಿ ಎರಡು ಸಲ ವಿಚಾರಿಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಮೊದಲು ಹೊಟ್ಟೆ ಚೆನ್ನಾಗಿದ್ದು ಆತಂಕ ಜಾಸ್ತಿ ಇದ್ದವರಿಗೆ ಮುಂದೆ ಹೊಟ್ಟೆಯ ತೊಂದರೆ ಬರುವ ಸಂಭವ ಹೆಚ್ಚಿತ್ತು. ಮೊದಲು ಮನಸ್ಸು ಚೆನ್ನಾಗಿದ್ದು ಹೊಟ್ಟೆ ತೊಂದರೆ ಇದ್ದವರಲ್ಲಿ 12 ವರ್ಷದ ನಂತರ ಆತಂಕ, ಖಿನ್ನತೆ ಜಾಸ್ತಿಯಾಗಿತ್ತು. ದಾರಿ ಎರಡೂ ಕಡೆಯಿಂದ ಇದೆ.

ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಮದುವೆ ಮನೆಗೆ ಹೋಗಲು ಭಯ, ದೂರದ ಬಸ್ ಹತ್ತಲು ಭಯ, ಊಟಕ್ಕೆ ಕೂರಲು ಭಯ. ಬಸ್ ನಿಲ್ದಾಣದಲ್ಲಿ ಮೊದಲು ಕಣ್ಣು ಹುಡುಕುವುದು ಶೌಚಾಲಯದ ಬೋರ್ಡನ್ನು. ಹೀಗೆ ವರ್ಷಗಟ್ಟಲೆ ಬದುಕಿದರೆ ಮನಸ್ಸು ಕುಗ್ಗದೆ ಏನಾಗುತ್ತದೆ? ಆದರೆ ಭಯ, ಬೇಸರ ಅಷ್ಟೇ ಅಲ್ಲ. ದೇಹದೊಳಗೆ ಉರಿಯೂತ ಇದ್ದಾಗ ರಕ್ತದಲ್ಲಿ ಹರಿಯುವ ರಾಸಾಯನಿಕಗಳು ಮಿದುಳಿಗೂ ಸಂದೇಶ ಮುಟ್ಟಿಸುತ್ತವೆ. ಜ್ವರ ಬಂದಾಗ ಯಾರ ಜೊತೆಯೂ ಮಾತು ಬೇಡ, ಊಟ ಬೇಡ, ಮಲಗಿಕೊಂಡರೆ ಸಾಕು ಅನಿಸುತ್ತದಲ್ಲ, ಆ ಥರದ್ದು. ಕರುಳಿನಲ್ಲಿ ಹುಣ್ಣಾಗುವ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಇದ್ದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣಗಳು ಇರುತ್ತವೆ. ಐಬಿಎಸ್ ಇದ್ದವರಲ್ಲಿ ಸುಮಾರು ಹತ್ತರಲ್ಲಿ ಮೂವರಿಗೆ.

ಕೆನಡಾದ ವಾಕರ್ಟನ್ ಎಂಬ ಊರಿನ ಕಥೆ ಇಲ್ಲಿ ನೆನಪಾಗುತ್ತದೆ. 2000ದ ಮೇ ತಿಂಗಳಲ್ಲಿ ಜೋರು ಮಳೆಗೆ ದನದ ಸಗಣಿ ನೀರು ಊರಿನ ಕುಡಿಯುವ ನೀರಿನ ಬಾವಿಗೆ ಸೇರಿತು. ಸುಮಾರು 2,300 ಜನ ವಾಂತಿ ಭೇದಿಯಿಂದ ನರಳಿದರು, ಏಳು ಜನ ಸತ್ತರು. ಸೋಂಕು ಹೋಯಿತು. ಆದರೆ ಎಷ್ಟೋ ಜನರ ಹೊಟ್ಟೆ ಮೊದಲಿನ ಹಾಗೆ ಆಗಲೇ ಇಲ್ಲ, ವರ್ಷಗಟ್ಟಲೆ ಐಬಿಎಸ್ ಉಳಿದುಕೊಂಡಿತು. ಯಾರಿಗೆ ಹೀಗಾಯಿತು ಅಂತ ಹುಡುಕಿದಾಗ, ಮೊದಲೇ ಆತಂಕ ಅಥವಾ ಖಿನ್ನತೆ ಇದ್ದವರಿಗೆ ಅಪಾಯ ಜಾಸ್ತಿ ಅಂತ ಕಂಡುಬಂತು. ಕೆಟ್ಟ ನೀರು ಎಲ್ಲರ ಹೊಟ್ಟೆಗೂ ಹೋಗಿತ್ತು. ಅದರ ಗಾಯ ಉಳಿದದ್ದು ಕೆಲವರಲ್ಲಿ.

ಕರುಳಿನ ಬ್ಯಾಕ್ಟೀರಿಯಾ ವಿಷಯಕ್ಕೆ ಈಗ ಎಲ್ಲರಿಗೂ ತುಂಬಾ ಉತ್ಸಾಹ. ಒಂದಷ್ಟು ಗಟ್ಟಿ ಪ್ರಯೋಗಗಳಿವೆ. ಜಪಾನಿನಲ್ಲಿ 2004ರಲ್ಲಿ, ಬ್ಯಾಕ್ಟೀರಿಯಾವೇ ಇಲ್ಲದ ಹಾಗೆ ಬೆಳೆಸಿದ ಇಲಿಗಳಲ್ಲಿ ಒತ್ತಡದ ಹಾರ್ಮೋನು ಅತಿಯಾಗಿ ಏರುವುದನ್ನು ತೋರಿಸಿದರು. ಐರ್ಲೆಂಡಿನಲ್ಲಿ ಖಿನ್ನತೆ ಇರುವವರ ಕರುಳಿನ ಬ್ಯಾಕ್ಟೀರಿಯಾವನ್ನು ಇಲಿಗಳಿಗೆ ಸೇರಿಸಿದಾಗ ಅವುಗಳ ವರ್ತನೆಯೂ ಹಾಗೇ ಬದಲಾಯಿತು. ಆದರೆ ಇಲಿಯಿಂದ ಮನುಷ್ಯನಿಗೆ ಬಹಳ ದೂರ ಇದೆ. ಖಿನ್ನತೆ ಗುಣ ಮಾಡುತ್ತದೆ ಅಂತ ಯಾರಾದರೂ ದುಬಾರಿ ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಪೊಟ್ಟಣ ಮಾರಲು ಬಂದರೆ ದಯವಿಟ್ಟು ದುಡ್ಡು ಕೊಡಬೇಡಿ. ಮಜ್ಜಿಗೆ ಕುಡಿಯುವುದು ಒಳ್ಳೆಯದೇ. ಅದನ್ನು ಮದ್ದಿನ ಜಾಗದಲ್ಲಿ ಇಡಬೇಡಿ ಅಷ್ಟೇ.

ನಮ್ಮಲ್ಲಿ ಇದು ಏಕೆ ಕಾಣುವುದಿಲ್ಲ

ಕನ್ನಡಕ್ಕೆ ಇದೆಲ್ಲ ಮೊದಲೇ ಗೊತ್ತಿತ್ತು ಅನಿಸುತ್ತದೆ. ದುಃಖ ಆದರೆ ಕರುಳು ಕಿತ್ತು ಬರುತ್ತದೆ. ಮಗು ಬಿದ್ದರೆ ಕರುಳು ಚುರ್ ಅನ್ನುತ್ತದೆ. ಪಕ್ಕದವರ ಏಳಿಗೆ ನೋಡಿ ಹೊಟ್ಟೆ ಉರಿಯುತ್ತದೆ. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ. ಆದರೆ ಆಸ್ಪತ್ರೆಗೆ ಹೋದಾಗ ಈ ಭಾಷೆ ಮರೆತು ಹೋಗುತ್ತದೆ. "ಗ್ಯಾಸ್ಟ್ರಿಕ್" ಅಂದರೆ ನಾಚಿಕೆ ಇಲ್ಲ, ಮೆಡಿಕಲ್ ಶಾಪಿನವರೇ ಮಾತ್ರೆ ಕೊಡುತ್ತಾರೆ. "ಮನಸ್ಸು ಸರಿ ಇಲ್ಲ" ಅಂದರೆ ಮನೆಯವರ ಮುಖ ಬದಲಾಗುತ್ತದೆ. ಮಗಳ ಮದುವೆ, ಜನರ ಮಾತು, ಎಲ್ಲ ನಡುವೆ ಬರುತ್ತದೆ. ಹಾಗಾಗಿ ಹೊಟ್ಟೆ ಮುಂದೆ ಬಂದು ಮಾತಾಡುತ್ತದೆ, ಮನಸ್ಸು ಹಿಂದೆ ನಿಲ್ಲುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಬದುಕಿನಲ್ಲಿ ಒಂದು ಸಲವಾದರೂ ಖಿನ್ನತೆಗೆ ಒಳಗಾದವರು. ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ತೊಂದರೆ ಇರುವವರಲ್ಲಿ ಶೇ 80ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ನನ್ನ ಚಿಕ್ಕಮ್ಮನ ವಿಷಯದಲ್ಲಿ ತಿರುವು ಬಂದದ್ದು ಒಂದು ಸಣ್ಣ ಪ್ರಶ್ನೆಯಿಂದ. ಎರಡನೇ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ರಿಪೋರ್ಟ್ ಪಕ್ಕಕ್ಕಿಟ್ಟು ಕೇಳಿದರು: "ರಾತ್ರಿ ಎಷ್ಟು ಗಂಟೆಗೆ ಎಚ್ಚರ ಆಗುತ್ತಮ್ಮ?"

"ಮೂರೂವರೆ."

"ಆಮೇಲೆ?"

"ಆಮೇಲೆ ಸುಮ್ನೆ ಸೂರು ನೋಡ್ಕೊಂಡು ಮಲಗಿರ್ತೀನಿ."

"ತೋಟಕ್ಕೆ ಹೋಗ್ತೀರಾ?"

"ಹೋಗಿ ಏನ್ ಮಾಡ್ಲಿ? ಬೇಡ ಅನ್ಸುತ್ತೆ."

ಆ ತೋಟವನ್ನು ಮಕ್ಕಳ ಹಾಗೆ ನೋಡಿಕೊಂಡವರು ಅವರು. ಪ್ರತಿ ತೆಂಗಿನ ಮರಕ್ಕೂ ಎಷ್ಟು ಕಾಯಿ ಬಂತು ಅಂತ ಬಾಯಲ್ಲೇ ಲೆಕ್ಕ ಇಡುತ್ತಿದ್ದವರು. ನಾವೆಲ್ಲ ಎರಡು ವರ್ಷ ಅವರ ಹೊಟ್ಟೆಯ ಬಗ್ಗೆಯೇ ಕೇಳುತ್ತಿದ್ದೆವು. ತೋಟಕ್ಕೆ ಹೋಗುತ್ತಿದ್ದೀರಾ ಅಂತ ಒಬ್ಬರೂ ಕೇಳಿರಲಿಲ್ಲ.

ಎರಡು ವಾರಕ್ಕಿಂತ ಜಾಸ್ತಿ ದಿನ, ದಿನದ ಬಹುಪಾಲು ಹೊತ್ತು ಬೇಸರ ಅಥವಾ ಇಷ್ಟವಾದ ಕೆಲಸದಲ್ಲೂ ಆಸಕ್ತಿ ಇಲ್ಲ. ಅದರ ಜೊತೆ ನಿದ್ದೆ ಕೆಟ್ಟಿದೆ, ಹಸಿವು ಬದಲಾಗಿದೆ, ಸುಸ್ತು, ತಾನು ಯಾರಿಗೂ ಬೇಡ ಅನ್ನುವ ಭಾವನೆ ಇದೆ ಅಂದರೆ ಅದು ಖಿನ್ನತೆ ಇರಬಹುದು. ಹೊಟ್ಟೆ ತೊಂದರೆ ಇದ್ದಾಗಲೂ ಇವುಗಳನ್ನು ಡಾಕ್ಟರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ.

ಮೊದಲು ದೇಹ ನೋಡಿಸಿ

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯ ತಪ್ಪೂ ಆಗಬಾರದು. ಎಲ್ಲ ಹೊಟ್ಟೆ ನೋವೂ ಮನಸ್ಸಿನದ್ದಲ್ಲ. ಮಲದಲ್ಲಿ ರಕ್ತ, ಡಾಂಬರಿನಂತೆ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, 45 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿರುವುದು: ಇವುಗಳಲ್ಲಿ ಒಂದಿದ್ದರೂ ಕಾಯದೆ ತೋರಿಸಿ. ಎದೆ ಬಿಗಿತ, ಬೆವರು, ಎಡಗೈ ಅಥವಾ ದವಡೆಯ ಕಡೆ ಹರಡುವ ನೋವು ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡಿ. ಅದು ಹೃದಯಾಘಾತ ಇರಬಹುದು. ನೇರವಾಗಿ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಥೈರಾಯ್ಡ್ ಕೂಡ ನೋಡಿಸಬೇಕು. ಥೈರಾಯ್ಡ್ ಕಡಿಮೆಯಾದರೆ ಮಲಬದ್ಧತೆಯೂ ಬರುತ್ತದೆ, ಮನಸ್ಸೂ ಮಂಕಾಗುತ್ತದೆ. ಇನ್ನೊಂದು ಬಿ12 ವಿಟಮಿನ್. ಇದು ನಮ್ಮ ಸಸ್ಯಾಹಾರಿಗಳಲ್ಲಿ ಕಡಿಮೆ ಇರುವುದು ಸಾಮಾನ್ಯ. ಆಮ್ಲ ಕಡಿಮೆ ಮಾಡುವ ಮಾತ್ರೆಯನ್ನು ವರ್ಷಗಟ್ಟಲೆ ತಿಂದರೆ ಆಹಾರದಿಂದ ಬಿ12 ಸರಿಯಾಗಿ ಸಿಗುವುದಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ನಿಂದಲೂ ಹಾಗೇ ಆಗಬಹುದು. ಬಿ12 ಕೊರತೆಯಾದರೆ ಸುಸ್ತು, ಮರೆವು, ಖಿನ್ನತೆ. ಹೊಟ್ಟೆಗೆ ಅಂತ ತಿಂದ ಮಾತ್ರೆಯೇ ಸುತ್ತಿಬಳಸಿ ಮನಸ್ಸಿಗೆ ಬಂದು ಮುಟ್ಟಿದ ಹಾಗೆ. ಚಿಕ್ಕಮ್ಮನಿಗೂ ಬಿ12 ಕಡಿಮೆ ಇತ್ತು.

ಆದರೆ ಆಮ್ಲ ಕಡಿಮೆ ಮಾಡುವ ಆ ಮಾತ್ರೆಯನ್ನು ಒಮ್ಮೆಲೇ ಬಿಡಬೇಡಿ. ಬಿಟ್ಟ ಮೇಲೆ ಕೆಲವು ವಾರ ಆಮ್ಲ ಮೊದಲಿಗಿಂತ ಜಾಸ್ತಿ ಒಸರಿ ಎದೆ ಉರಿಯಬಹುದು. ಕಾಯಿಲೆ ವಾಪಸ್ ಬಂತು ಅಂತ ಜನ ಮತ್ತೆ ಶುರು ಮಾಡುತ್ತಾರೆ. ಡಾಕ್ಟರ ಜೊತೆ ಮಾತಾಡಿ ನಿಧಾನವಾಗಿ ಇಳಿಸಿ.

ಚಿಕಿತ್ಸೆ ಎರಡೂ ಕಡೆಯಿಂದ

ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಹೊಟ್ಟೆ ನೋವಿಗೂ ಕೆಲಸ ಮಾಡುತ್ತವೆ. ಬ್ರಿಟನ್ನಿನಲ್ಲಿ ಐಬಿಎಸ್ ಇದ್ದ 463 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಅಮಿಟ್ರಿಪ್ಟಿಲಿನ್ ಎಂಬ ಹಳೆಯ ಮಾತ್ರೆಯನ್ನು 10ರಿಂದ 30 ಮಿಲಿಗ್ರಾಂನಷ್ಟು ಸಣ್ಣ ಪ್ರಮಾಣದಲ್ಲಿ ಆರು ತಿಂಗಳು ಕೊಟ್ಟರು. ಮದ್ದೇ ಇಲ್ಲದ ಸುಳ್ಳು ಮಾತ್ರೆ ತಿಂದವರಿಗಿಂತ ಇವರ ಹೊಟ್ಟೆ ಸ್ಪಷ್ಟವಾಗಿ ಸುಧಾರಿಸಿತು. ಖಿನ್ನತೆಗೆ ಬೇಕಾಗುವ ಪ್ರಮಾಣ ಇದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಹೊಟ್ಟೆ ಡಾಕ್ಟರು ಈ ಮಾತ್ರೆ ಬರೆದರೆ "ನನ್ನನ್ನು ಹುಚ್ಚಿ ಅಂದುಕೊಂಡರಾ" ಅಂತ ನೊಂದುಕೊಳ್ಳಬೇಡಿ. ನೋವಿನ ವಾಲ್ಯೂಮ್ ಇಳಿಸಲು ಕೊಟ್ಟಿರುತ್ತಾರೆ.

ಖಿನ್ನತೆಗೆ ಈಗ ಹೆಚ್ಚಾಗಿ ಕೊಡುವುದು ಸೆರೊಟೋನಿನ್ ಮೇಲೆ ಕೆಲಸ ಮಾಡುವ ಮಾತ್ರೆಗಳನ್ನು. ಕರುಳಿನಲ್ಲೂ ಸೆರೊಟೋನಿನ್ ಇದೆ ಅಂದೆನಲ್ಲ, ಹಾಗಾಗಿ ಮೊದಲ ಒಂದೆರಡು ವಾರ ಹೊಟ್ಟೆ ತೊಳಸಬಹುದು, ಭೇದಿಯಾಗಬಹುದು. ಸಾಮಾನ್ಯವಾಗಿ ತಾನಾಗೇ ಕಡಿಮೆಯಾಗುತ್ತದೆ. ಮನಸ್ಸಿಗೆ ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಅಂದರೆ ತೊಂದರೆ ಮೊದಲು ಬರುತ್ತದೆ, ಲಾಭ ಆಮೇಲೆ ಬರುತ್ತದೆ. ಎಷ್ಟೋ ಜನ ಈ ನಡುವಿನ ದಿನಗಳಲ್ಲೇ ಮಾತ್ರೆ ಬಿಟ್ಟುಬಿಡುತ್ತಾರೆ. ಚಿಕ್ಕಮ್ಮನೂ ಒಂಬತ್ತನೇ ದಿನ ಬಿಡಲು ಹೊರಟಿದ್ದರು. ಊಟ ಆದಮೇಲೆ ತಗೊಳ್ಳಿ, ಇನ್ನೊಂದು ವಾರ ನೋಡೋಣ ಅಂತ ಡಾಕ್ಟರು ಫೋನಿನಲ್ಲೇ ಧೈರ್ಯ ಹೇಳಿದ್ದರಿಂದ ಉಳಿದುಕೊಂಡಿತು.

ಮಾತಿನ ಚಿಕಿತ್ಸೆಗೂ ಹೊಟ್ಟೆಯ ಮೇಲೆ ಪರಿಣಾಮ ಇದೆ. ಮ್ಯಾಂಚೆಸ್ಟರಿನ ಪೀಟರ್ ವೋರ್ವೆಲ್ 1984ರಲ್ಲಿ, ಯಾವ ಮದ್ದಿಗೂ ಬಗ್ಗದ ಐಬಿಎಸ್ ಇದ್ದ 30 ಜನರ ಮೇಲೆ ಪ್ರಯೋಗ ಮಾಡಿ, ಹೊಟ್ಟೆಯ ಕಡೆ ಗಮನ ಇಡಿಸುವ ಹಿಪ್ನೋಥೆರಪಿಯಿಂದ (ಸಮ್ಮೋಹನ ಚಿಕಿತ್ಸೆ) ಗುಣ ಕಾಣುವುದನ್ನು ತೋರಿಸಿದ್ದರು. ಊಟದ ವಿಷಯದಲ್ಲೂ ಒಳ್ಳೆಯ ಸುದ್ದಿ ಇದೆ. ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಪ್ರಕಟವಾದ, 67 ಜನರ ಪುಟ್ಟ ಪ್ರಯೋಗದಲ್ಲಿ 12 ವಾರ ತರಕಾರಿ, ಕಾಳು, ಇಡೀ ಧಾನ್ಯ, ಮೀನು ಜಾಸ್ತಿ ಇರುವ ಊಟ ಮಾಡಿದವರಲ್ಲಿ ಮೂರನೇ ಒಂದು ಭಾಗದಷ್ಟು ಜನರ ಖಿನ್ನತೆ ಇಳಿಯಿತು. ನಮ್ಮ ರಾಗಿ, ಸೊಪ್ಪು, ಕಾಳು ಅದರಿಂದ ದೂರವೇನಿಲ್ಲ. ಆದರೆ ಐಬಿಎಸ್ ಇದ್ದವರಿಗೆ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕೆಲವು ಕಾಳುಗಳಿಂದ ಉಬ್ಬರ ಜಾಸ್ತಿಯಾಗಬಹುದು. ಯಾವುದರಿಂದ ಅಂತ ಆಹಾರ ತಜ್ಞರ ಜೊತೆ ಕೂತು ಒಂದೊಂದಾಗಿ ನೋಡಿ. ಎಲ್ಲವನ್ನೂ ಬಿಟ್ಟು ಬರೀ ಅನ್ನ ಮಜ್ಜಿಗೆಗೆ ಇಳಿದರೆ ದೇಹ ಸೊರಗುತ್ತದೆ.

ಎಲ್ಲಿ ಹೋಗಬೇಕು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಹಗಲೂ ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆ ಇದೆ, ನಿಮ್ಮ ತಾಲ್ಲೂಕಿನಲ್ಲಿ ವಿಚಾರಿಸಿಕೊಂಡು ಹೋಗಿ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಮಂಗಳವಾರಕ್ಕೆ ಕಾಯಬೇಡಿ. ಈಗಲೇ ಆ ನಂಬರಿಗೆ ಫೋನ್ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಚಿಕ್ಕಮ್ಮ ಚಿಕಿತ್ಸೆ ಶುರು ಮಾಡಿ ಎಂಟು ತಿಂಗಳಾಯಿತು. ಡಬ್ಬಿಯಲ್ಲಿ ಈಗ ಎರಡು ಥರದ ಮಾತ್ರೆ ಇದೆ, ಗುಲಾಬಿ ಸಿರಪ್ಪು ಇಲ್ಲ. ಮೂರೂವರೆಗೆ ಏಳುತ್ತಿದ್ದವರು ಐದಕ್ಕೆ ಏಳುತ್ತಾರೆ. ಹೋದ ಭಾನುವಾರ ಫೋನ್ ಮಾಡಿದಾಗ ತೋಟದಲ್ಲಿದ್ದರು, ಕಾಯಿ ಕೀಳುವವರನ್ನು ಜೋರು ಮಾಡುತ್ತಿದ್ದರು. ಹೊಟ್ಟೆ ಹೇಗಿದೆ ಅಂತ ಕೇಳಿದೆ. ಉಬ್ಬರ ಆಗಾಗ ಬರುತ್ತದಂತೆ, ಅವರೆಕಾಯಿ ಕಾಲದಲ್ಲಿ ಸ್ವಲ್ಪ ಜಾಸ್ತಿ. "ಬಂದ್ರೆ ಬರ್ಲಿ ಬಿಡು, ನಾಳೆ ಹೋಗುತ್ತೆ" ಅಂದರು. ಆಮೇಲೆ ಈ ಸಲ ಯಾವ ಮರಕ್ಕೆ ಎಷ್ಟು ಕಾಯಿ ಅಂತ ಹೇಳಲು ಶುರು ಮಾಡಿದರು.